ಕಾಳಿ ಏನು ತಿನ್ನುತ್ತಿತ್ತು?



ಕಳೆದ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಸನದ್‌ನ ನಮ್ಮ ಮನೆಗೆ ಒಂದು ನಾಯಿಮರಿ ಬಂತು. ತಳಿ ಯಾವುದೆಂದು ಕೇಳಬೇಡಿ. ಇಲ್ಲಿನ ಬೀದಿಯಲ್ಲಿ ಹುಟ್ಟಿದ್ದು, ಉದ್ದ ಕಾಲು, ಚೂಪು ಮೂತಿ, ಕಪ್ಪು ಬಣ್ಣ. ಎರಡು ತಿಂಗಳು ತುಂಬಿ ಕೆಲವು ದಿನ ಆಗಿತ್ತಷ್ಟೇ. ಮಕ್ಕಳು ಸಿನಿಮಾ ನಾಯಿಗಳ ಹೆಸರುಗಳನ್ನೆಲ್ಲ ಪಟ್ಟಿ ಮಾಡಿಕೊಂಡು ಕೂತಿದ್ದರು. ಊರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ನಮ್ಮ ಅಮ್ಮ ಮರಿಯನ್ನು ಒಮ್ಮೆ ನೋಡಿ, "ಕರ್ರಗಿದೆ, ಕಾಳಿ ಅನ್ನಿ" ಎಂದುಬಿಟ್ಟರು. ಪಟ್ಟಿ ಅಲ್ಲಿಗೆ ಮುಗಿಯಿತು.

ಅಮ್ಮನ ತವರು ಮದ್ದೂರು ತಾಲ್ಲೂಕು. ಆತಕೂರು ಕೂಡ ಅದೇ ತಾಲ್ಲೂಕಿನದು. ಅಮ್ಮನಿಗೆ ಆ ಶಾಸನದ ಸುದ್ದಿ ಗೊತ್ತಿರಲಿಲ್ಲ. ಆದರೆ ಹೆಸರು ಕಿವಿಗೆ ಬಿದ್ದ ಕೂಡಲೇ ನಮಗೆ ನೆನಪಾದದ್ದು ಆತಕೂರಿನ ಕಾಳಿಯೇ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಾಯಿಯೂ ಹಂದಿಯೂ ಸೆಣಸುತ್ತಿರುವ ಕಲ್ಲೊಂದಿದೆ. ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಹೋರಾಡಿದ, ಚೋಳ ರಾಜಾದಿತ್ಯ ಮಡಿದ. ಆ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಹೊನ್ನಲ್ಲ, ಬೂತುಗನ ಬೇಟೆನಾಯಿ ಕಾಳಿಯನ್ನು. ಮುಂದೆ ಅದೇ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮಣಲೆರ ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ನಮಗೆ ಹೆಚ್ಚು ಹಿಡಿಸಿದ ಸಾಲು ಕೊನೆಯಲ್ಲಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದಂತೆ. ನಾಯಿಯ ಕಲ್ಲಿಗೆ ಪೂಜೆ ಆಗದೆ ಮನುಷ್ಯ ಉಣ್ಣುವಂತಿಲ್ಲ!

ಇಷ್ಟೆಲ್ಲ ಕೊರೆದ ಶಾಸನಕಾರ ಕಾಳಿ ಏನು ತಿನ್ನುತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ನಮಗೆ ಆಗ ತುರ್ತಾಗಿ ಬೇಕಿದ್ದ ಮಾಹಿತಿ ಅದೊಂದೇ ಆಗಿತ್ತು. ಯಾಕೆಂದರೆ ನಮ್ಮ ಕಾಳಿಯ ಹೊಟ್ಟೆ ಬಂದ ನಾಲ್ಕನೇ ದಿನವೇ ಕೆಟ್ಟಿತು.

ಮೊದಲು ಸಡಿಲ ಭೇದಿ. ಆಮೇಲೆ ನೀರಿನಂತೆ. ಅಮ್ಮ ಹಾಲು ಕೊಟ್ಟರು, ಹೆಚ್ಚಾಯಿತು. ನಾವು ಅಂಗಡಿಯಿಂದ ಒಂದು ಚೀಲ ತಂದೆವು, ಎರಡು ದಿನ ನೋಡಿ ಇನ್ನೊಂದು ತಂದೆವು. ಅಂಗಡಿಯವನು ಧಾನ್ಯ ಇಲ್ಲದ್ದೇ ಶ್ರೇಷ್ಠವೆಂದು ಎರಡರಷ್ಟು ದಿನಾರಿನ ಮೂರನೆಯದನ್ನು ಕೊಟ್ಟ. ಪಕ್ಕದ ಮನೆಯ ಮಲಯಾಳಿ ದಂಪತಿ ಬೇಯಿಸಿದ ಮೀನು ಹೇಳಿದರು. ಮಗಳು ಗುಟ್ಟಾಗಿ ಬಿಸ್ಕತ್ತು ಕೊಡುತ್ತಿದ್ದಳು. ಹನ್ನೆರಡನೇ ದಿನಕ್ಕೆ ಮರಿಯ ಪಕ್ಕೆಲುಬು ಎಣಿಸಬಹುದಿತ್ತು, ತಟ್ಟೆ ಕಂಡರೂ ಏಳುತ್ತಿರಲಿಲ್ಲ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಗೊರವನ ಪಾಪದ ಭಯದಿಂದೇನೂ ಅಲ್ಲ.

ಪಶುವೈದ್ಯರು ಔಷಧಿಗಿಂತ ಮೊದಲು ಒಂದು ಕಾಗದ ಕೊಟ್ಟು, ಬಂದಾಗಿನಿಂದ ಮರಿಯ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ ಎಂದರು. ಹದಿನಾಲ್ಕು ಬಗೆಯಾಯಿತು. ಇಪ್ಪತ್ತು ವರ್ಷದಿಂದ ತಂತ್ರಾಂಶದ ತಪ್ಪು ಹುಡುಕಿ ಸಂಬಳ ಎಣಿಸುವ ನಾವು, ಒಂದು ಬಾರಿಗೆ ಒಂದನ್ನೇ ಬದಲಿಸಿ ನೋಡಬೇಕೆಂದು ಕಿರಿಯರಿಗೆ ಪಾಠ ಹೇಳುವ ನಾವು, ಮನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸಿ ಕೂತಿದ್ದೆವು. ಮಲ ಪರೀಕ್ಷೆಯಲ್ಲಿ ಜಿಯಾರ್ಡಿಯಾ ಎಂಬ ಕಣ್ಣಿಗೆ ಕಾಣದ ಪರೋಪಜೀವಿ ಸಿಕ್ಕಿತು. ಅಂದರೆ ಮೂಲ ತಪ್ಪು ಆಹಾರದ್ದೇ ಅಲ್ಲ, ಆ ತಪ್ಪಿನ ಮೇಲೆ ನಮ್ಮ ಅಡುಗೆಮನೆ ಹದಿನಾಲ್ಕು ಪದರ ಹಚ್ಚಿತ್ತು. ಮರಿಯ ಹೊಟ್ಟೆ ಸೂಕ್ಷ್ಮ ಎಂದು ಚೀಲ ಬದಲಿಸುವ ಮೊದಲು ಹುಳು, ಜಿಯಾರ್ಡಿಯಾ, ಪಾರ್ವೊ ಇವನ್ನು ನೋಡಿಸಬೇಕು. 1978ರ ಸುಮಾರಿಗೆ ಕಾಣಿಸಿಕೊಂಡು ಒಂದೆರಡು ವರ್ಷದಲ್ಲಿ ಜಗತ್ತನ್ನೆಲ್ಲ ಸುತ್ತಿದ ಪಾರ್ವೊ ವೈರಸ್ಸು ಲಸಿಕೆ ಪೂರ್ತಿಯಾಗದ ಮರಿಗಳನ್ನು ದಿನಗಳಲ್ಲಿ ಕೊಲ್ಲುತ್ತದೆ. ಭೇದಿಯಲ್ಲಿ ರಕ್ತ, ವಾಂತಿ, ಮಂಕು ಕಂಡರೆ ಮನೆಮದ್ದಿಗೆ ಕಾಯುವಂತಿಲ್ಲ.

ಮದ್ದು ಶುರುವಾಯಿತು. ಆದರೆ ಮುಂದೆ ಏನು ಹಾಕಬೇಕು ಎಂಬ ಜಗಳ ಅಮ್ಮನಿಗೂ ನಮಗೂ ಉಳಿಯಿತು. "ಐವತ್ತು ವರ್ಸ ನಾಯಿ ಸಾಕಿವ್ನಿ ಕಣಪ್ಪ. ಮುದ್ದೆ, ಹಾಲು, ಮಿಕ್ಕಿದ್ ಸಾರು. ಒಂದ್ಕೂ ಚೀಲ ತಂದಿರ್ನಿಲ್ಲ." ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಾಗಾಗಿ ರಾತ್ರಿ ಓದತೊಡಗಿದೆವು.

ಓದಿದಷ್ಟೂ ಅಮ್ಮನ ಪಕ್ಷ ಬಲವಾಯಿತು. 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸ್ವೀಡನ್ನಿನ ತಂಡವೊಂದು 12 ತೋಳ ಮತ್ತು 60 ನಾಯಿಗಳ ವಂಶವಾಹಿಗಳನ್ನು ಹೋಲಿಸಿ ಬರೆಯಿತು. ಪಿಷ್ಟವನ್ನು ಕರಗಿಸುವ ಅಮೈಲೇಸ್ ಕಿಣ್ವದ ವಂಶವಾಹಿ ತೋಳದಲ್ಲಿ ಎರಡು ಪ್ರತಿ, ನಾಯಿಯಲ್ಲಿ ನಾಲ್ಕರಿಂದ ಮೂವತ್ತು. ಮನುಷ್ಯ ಬೇಸಾಯಕ್ಕೆ ಇಳಿದ ಮೇಲೆ ಅವನ ಗಂಜಿ, ರೊಟ್ಟಿ, ಮುದ್ದೆಯ ಮಿಕ್ಕಿದ್ದನ್ನು ತಿಂದು ಅರಗಿಸಿಕೊಂಡ ನಾಯಿಗಳೇ ಉಳಿದು ಬಂದವು. ನಾಯಿ ಎಂಬ ಪ್ರಾಣಿಯ ಜಠರವನ್ನು ತಿದ್ದಿದ್ದೇ ನಮ್ಮ ಅಡುಗೆಮನೆ. ಮುಧೋಳದ ಕಡೆ ಬೇಟೆನಾಯಿಗೂ ಜೋಳದ ರೊಟ್ಟಿ, ಹಾಲು. ರಾಜಾ ಮಾಲೋಜಿರಾವ್ ಘೋರ್ಪಡೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಐದನೇ ಜಾರ್ಜ್‌ಗೆ ಒಂದು ಜೊತೆ ಕೊಟ್ಟು ಹೆಸರು ತಂದದ್ದು, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದದ್ದು ಇದೇ ರೊಟ್ಟಿ ತಿಂದ ತಳಿ. ನಾವೀಗ ಇರುವ ಕೊಲ್ಲಿ ನಾಡಿನಲ್ಲಿ ಸಲೂಕಿ ಬೇಟೆನಾಯಿಗಳಿಗೆ ಬೆದುಯಿನರು ಖರ್ಜೂರ ಮತ್ತು ಒಂಟೆಹಾಲು ಕೊಡುತ್ತಿದ್ದರು. ಎಲ್ಲಿ ಏನು ಬೆಳೆಯುತ್ತದೋ ನಾಯಿಗೂ ಅದೇ.

ಹಾಗಾದರೆ ಚೀಲ ಬಂದದ್ದು ಎಲ್ಲಿಂದ? ಅದರ ಮೂಲ ನಾಯಿಯ ಹೊಟ್ಟೆಯಲ್ಲ, ಹಡಗು. ಅಮೆರಿಕದ ಜೇಮ್ಸ್ ಸ್ಪ್ರಾಟ್ ಎಂಬಾತ ಮಿಂಚುನಿರೋಧಕ ಸಲಾಕೆ ಮಾರಲು ಇಂಗ್ಲೆಂಡಿಗೆ ಬಂದಿದ್ದನಂತೆ. ಬಂದರಿನಲ್ಲಿ ನಾವಿಕರು ಎಸೆದ ಗಟ್ಟಿ ಬಿಸ್ಕತ್ತಿಗೆ ನಾಯಿಗಳು ಮುಗಿಬೀಳುವುದನ್ನು ಕಂಡು, 1860ರ ಸುಮಾರಿಗೆ ಗೋಧಿ, ಬೀಟ್‌ರೂಟು, ದನದ ಮಾಂಸ ಸೇರಿಸಿ ನಾಯಿ ಬಿಸ್ಕತ್ತು ಮಾಡಿಸಿದ. ಅವನ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ನಾಯಿ ಪ್ರದರ್ಶನ ಶುರುಮಾಡಿದ. ಬಿಸ್ಕತ್ತು ಮಾರುವವರೂ ಪದಕ ಕೊಡುವವರೂ ಎಷ್ಟು ಹತ್ತಿರದವರು ನೋಡಿ! 1922ರಲ್ಲಿ ಅಮೆರಿಕದಲ್ಲಿ ಕುದುರೆ ಮಾಂಸದ ಡಬ್ಬಿ ಬಂತು. ಎರಡನೇ ಮಹಾಯುದ್ಧದಲ್ಲಿ ತವರ ಸೇನೆಗೆ ಹೋಗಿ ಡಬ್ಬಿ ಸಿಗದಾಯಿತು, ಒಣ ಆಹಾರ ಮೇಲೆದ್ದಿತು. 1957ರಲ್ಲಿ ಪ್ಯೂರಿನಾ ಕಂಪನಿ ಬೆಳಗಿನ ಉಪಾಹಾರದ ಧಾನ್ಯ ಉಬ್ಬಿಸುವ ತಂತ್ರದಿಂದಲೇ ನಾಯಿಯ ಗುಳಿಗೆಗಳನ್ನು ಮಾರುಕಟ್ಟೆಗೆ ತಂದಿತು. ಈ ಕಥೆಯಲ್ಲಿ ಬಂದರು, ಯುದ್ಧ, ಯಂತ್ರ ಎಲ್ಲ ಇವೆ, ನಾಯಿಗೆ ಏನು ಒಗ್ಗುತ್ತದೆ ಎಂದು ಕೇಳಿದವರು ಕಡಿಮೆ.

ಕೇಳಿದವರಲ್ಲಿ ಒಬ್ಬರು ಪಶುವೈದ್ಯ ಮಾರ್ಕ್ ಮಾರಿಸ್. 1939ರಲ್ಲಿ ಅಂಧರಾದ ಮಾರಿಸ್ ಫ್ರಾಂಕ್ ತಮ್ಮ ಮಾರ್ಗದರ್ಶಿ ನಾಯಿಯನ್ನು ಕರೆತಂದರು. ಅದರ ಹೆಸರು ಬಡ್ಡಿ (ಸಾಲದ ಬಡ್ಡಿಯಲ್ಲ), ಅದಕ್ಕೆ ಮೂತ್ರಪಿಂಡದ ತೊಂದರೆ. ಡಾ. ಮಾರಿಸ್ ಮನೆಯಲ್ಲೇ ಹೆಂಡತಿಯ ಜೊತೆ ಸೇರಿ ಪಥ್ಯ ಬೇಯಿಸಿ ಗಾಜಿನ ಜಾಡಿಗಳಲ್ಲಿ ಕಳಿಸತೊಡಗಿದರು, ಜಾಡಿ ಒಡೆಯುತ್ತಿದ್ದುದರಿಂದ ತಗಡಿನ ಡಬ್ಬಿಗೆ ಬದಲಾಯಿಸಿದರು. 1948ರಲ್ಲಿ ಕಾನ್ಸಾಸ್ ರಾಜ್ಯದ ಹಿಲ್ ಪ್ಯಾಕಿಂಗ್ ಕಂಪನಿ ಅದನ್ನು ತಯಾರಿಸಲು ಒಪ್ಪಿತು. ಇಂದು ವೈದ್ಯರು ಚೀಟಿ ಬರೆದು ಕೊಡುವ ಹೊಟ್ಟೆಯ ಪಥ್ಯದ ಡಬ್ಬಿಗಳ ಮೂಲ ಅಲ್ಲಿದೆ. ಅದೂ ಒಂದು ಅಡುಗೆಮನೆಯೇ ಎಂದು ಓದಿ ಹೇಳಿದಾಗ ಅಮ್ಮ, "ಮತ್ತೆ!" ಎಂದರು.

ಚೀಲವನ್ನು ಕುರುಡಾಗಿ ನಂಬಬಾರದೆಂಬುದಕ್ಕೂ ಇತಿಹಾಸದಲ್ಲಿ ಪುರಾವೆ ಇದೆ. 2007ರಲ್ಲಿ ಚೀನಾದಿಂದ ಬಂದ ಗೋಧಿ ಅಂಟಿನಲ್ಲಿ ಮೆಲಮೈನ್ ಬೆರೆತು, ಉತ್ತರ ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಮೂತ್ರಪಿಂಡ ಸೋತು ಸತ್ತವು. ಪ್ರೋಟೀನು ಹೆಚ್ಚಿರುವಂತೆ ಪರೀಕ್ಷೆಯಲ್ಲಿ ತೋರಿಸಲು ಮಾಡಿದ ಕಲಬೆರಕೆ ಅದು. ಇನ್ನು ನಮ್ಮ ಅಂಗಡಿಯವನ ಧಾನ್ಯರಹಿತ ಚೀಲ: ಬೇಳೆಕಾಳು ಹೆಚ್ಚಿರುವ ಅಂಥ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ತನಿಖೆಗೆ ಇಳಿಯಿತು. ಕಾರಣ ಅದೇ ಎಂದು ಸಾಬೀತಾಗಲಿಲ್ಲ. ಆದರೆ ಮೂವತ್ತು ಪ್ರತಿ ಅಮೈಲೇಸ್ ಹೊತ್ತು ಬಂದಿರಬಹುದಾದ ಪ್ರಾಣಿಗೆ ಅನ್ನ ವಿಷವೆಂದು ಎರಡರಷ್ಟು ದಿನಾರು ತೆತ್ತವರು ನಾವು.

ಆದರೂ ಅಮ್ಮನ ಐವತ್ತು ವರ್ಷದ ಅನುಭವ ಎರಡು ಕಡೆ ಸೋತಿತು. ಒಂದು ಹಾಲು. ತಾಯಿ ನಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಎರಡರಷ್ಟು ಪ್ರೋಟೀನು, ಕೊಬ್ಬು. ಲ್ಯಾಕ್ಟೋಸ್ ಸಕ್ಕರೆ ಮಾತ್ರ ಕಡಿಮೆ. ಮೊಲೆ ಬಿಟ್ಟ ಮರಿಗಳಲ್ಲಿ ಆ ಸಕ್ಕರೆ ಅರಗಿಸುವ ಶಕ್ತಿ ಇಳಿಯುತ್ತಾ ಹೋಗುತ್ತದೆ, ಕೆರಳಿದ ಕರುಳಿನಲ್ಲಿ ಇನ್ನೂ ಬೇಗ. ಇನ್ನೊಂದು ಮೂಳೆ. "ರಾಗೀಲಿ ಸುಣ್ಣದಂಶ ಇಲ್ವಾ?" ಎಂದು ಅಮ್ಮ ಸವಾಲು ಹಾಕಿದರು. ಇದೆ, 100 ಗ್ರಾಂನಲ್ಲಿ ಸುಮಾರು 340 ಮಿಲಿಗ್ರಾಂ, ಧಾನ್ಯಗಳಲ್ಲಿ ಅದೇ ರಾಜ. ಆದರೆ ಬೆಳೆಯುವ ಮರಿಯ ಒಣ ಆಹಾರದಲ್ಲಿ ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘ ಕೇಳುವುದು 100 ಗ್ರಾಂಗೆ ಕನಿಷ್ಠ 1200. ಬೇಯಿಸಿದ ಕೋಳಿ, ಅನ್ನವಂತೂ ಅದಕ್ಕಿಂತ ಬಡವ. ಭೇದಿ ನಿಲ್ಲಿಸಲು ಎರಡು ಮೂರು ದಿನಕ್ಕೆ ಅದು ಸರಿ, ತಿಂಗಳುಗಟ್ಟಲೆ ಅದನ್ನೇ ಕೊಟ್ಟರೆ ಮರಿಯ ಕಾಲು ಬಾಗುತ್ತದೆ. ಹಾಗೆಂದು ಮೇಲಿಂದ ಸುಣ್ಣದ ಮಾತ್ರೆ ತುರುಕುವುದೂ ಅಪಾಯ. ಎಳೆ ಮರಿಯ ಕರುಳಿಗೆ ಹೆಚ್ಚಾದದ್ದನ್ನು ತಡೆಯಲು ಬಾರದು, ದೊಡ್ಡ ತಳಿಗಳಲ್ಲಿ ಮೂಳೆ ಸೊಟ್ಟಗಾಗುತ್ತದೆ. ಸಾರಿನ ವಿಷಯ ಹೇಳಬೇಕೇ? ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಊರಿನಲ್ಲಿ ಎಷ್ಟು ಮರಿಗಳು ಸತ್ತವು ಎಂದು ಮೆಲ್ಲಗೆ ಕೇಳಿದಾಗ ಅಮ್ಮ ತುಸು ಹೊತ್ತು ಸುಮ್ಮನಿದ್ದು, "ಉಳುದ್ವೇ ನೆಪ್ಪಲ್ಲಿರ್ತವೆ" ಎಂದರು.

ಕೊನೆಗೆ ಹೀಗಾಯಿತು. ಮೂರು ದಿನ ಚರ್ಮ ಕೊಬ್ಬು ತೆಗೆದ ಕೋಳಿ, ಮೆತ್ತನೆ ಅನ್ನ, ದಿನಕ್ಕೆ ನಾಲ್ಕು ಸಲ, ಅಂಗೈ ಅಗಲ. ಆಮೇಲೆ ಬೆಳೆಯುವ ಮರಿಗೆ ಪೂರ್ಣ ಆಹಾರವೆಂದು ಸ್ಪಷ್ಟವಾಗಿ ಬರೆದಿದ್ದ, ಕೋಳಿ ಮತ್ತು ಅಕ್ಕಿಯದೇ ಸಾದಾ ಚೀಲ. ಮೊದಲೆರಡು ದಿನ ಕಾಲು ಭಾಗ, ಮತ್ತೆರಡು ದಿನ ಅರ್ಧ, ಹೀಗೆ ಎಂಟು ದಿನಕ್ಕೆ ಪೂರ್ತಿ. ಬೇರೇನೂ ಇಲ್ಲ, ಬಿಸ್ಕತ್ತೂ ಇಲ್ಲ. ಅದಕ್ಕೂ ಬಗ್ಗದಿದ್ದರೆ ಮರಿ ಎಂದೂ ತಿಂದಿರದ ಒಂದೇ ಮಾಂಸದ ಅಥವಾ ಪ್ರೋಟೀನನ್ನು ಮೊದಲೇ ಒಡೆದಿಟ್ಟ ಪಥ್ಯವನ್ನು ಎಂಟು ವಾರ ನೋಡೋಣ ಎಂದಿದ್ದರು ವೈದ್ಯರು. ಬೇಕಾಗಲಿಲ್ಲ. ಒಂದು ಮಾತು ಬಹ್ರೇನಿನವರಿಗೇ: ನಮ್ಮ ಮೊದಲ ಚೀಲಗಳನ್ನು ಹೊರಗಿನ ಉಗ್ರಾಣದಲ್ಲಿ ಇಟ್ಟಿದ್ದೆವು. ಇಲ್ಲಿನ ಸೆಕೆಯಲ್ಲಿ ಕೊಬ್ಬು ಕಮಟು ಹಿಡಿಯಲು ಎಷ್ಟು ದಿನ ಬೇಕು? ಈಗ ಸಣ್ಣ ಚೀಲ ತಂದು, ಬಾಯಿ ಬಿಗಿದು, ಏಸಿ ಇರುವ ಕೋಣೆಯಲ್ಲೇ ಇಡುತ್ತೇವೆ.

ಅಡುಗೆಮನೆಯ ಗೋಡೆಯ ಮೇಲೆ ಕಾಳಿಯ ಪಟ್ಟಿ ಅಂಟಿಸಿದ್ದೆವು. ದಿನಾಂಕ, ಊಟ, ಹೊಟ್ಟೆಯ ಸ್ಥಿತಿ. ಮೊದಮೊದಲು "ನಾಯಿಗೂ ಲೆಕ್ಕ ಬರೀತಾ ಕುಂತವ್ನೆ" ಎಂದು ನಗುತ್ತಿದ್ದ ಅಮ್ಮ ಮೂರನೇ ವಾರ ತಾವೇ ಪೆನ್ಸಿಲ್ ಹಿಡಿದು ಗುರುತು ಹಾಕತೊಡಗಿದರು. ಆಗಸ್ಟ್ ಕೊನೆಯಲ್ಲಿ ಅವರು ಊರಿಗೆ ಹೊರಟಾಗ ಕಾಳಿ ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಅವರ ತೊಡೆಯ ಮೇಲೆ ಕೂತಿತ್ತು. ಆಗ ಅದರ ತೂಕ ಎಂಟೂವರೆ ಕೆಜಿ, ಪಕ್ಕೆಲುಬು ಕಾಣುತ್ತಿರಲಿಲ್ಲ.

ಈಗಲೂ ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಮದ್ದೂರಿನಿಂದ ಫೋನು ಬರುತ್ತದೆ. ಮೊಮ್ಮಕ್ಕಳ ವಿಚಾರ ಆಮೇಲೆ. ಮೊದಲ ಪ್ರಶ್ನೆ: "ಕಾಳಿ ತಿಂತಾ?" ತಿಂದಾಯ್ತಮ್ಮ ಎಂದ ಮೇಲೆಯೇ, "ಸರಿ, ನೀವೂ ಉಣ್ಣಿ."