ಕಾವೇರಿಯ ಗಾಳದ ಶಿಬಿರಗಳು

ಶಿವನಸಮುದ್ರದಿಂದ ಕೆಳಗೆ ಮೇಕೆದಾಟುವರೆಗೆ ಕಾವೇರಿ ನದಿ ಕಾಡಿನೊಳಗೆ ಹರಿಯುವ ಭಾಗದಲ್ಲಿ, ಮಹಶೀರ್ ಮೀನಿಗೆ ಗಾಳ ಹಾಕುವವರಿಗಾಗಿ ಹುಟ್ಟಿಕೊಂಡು, ಈಗ ಕುಟುಂಬಗಳು ಬಂದು ತಂಗುವ ತಾಣಗಳಾಗಿರುವ ನದಿದಡದ ಶಿಬಿರಗಳು. ಇವುಗಳಲ್ಲಿ ಹೆಸರಾದವು ಮೂರು: ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ ಮತ್ತು ದೊಡ್ಡಮಾಕಳಿ, ಕನಕಪುರ ತಾಲ್ಲೂಕಿನ ಗಾಳಿಬೋರೆ. ಭೀಮೇಶ್ವರಿ ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ಗಾಳಿಬೋರೆಯು ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದ ಸಮೀಪದಲ್ಲಿದೆ. ಮೂರೂ ಈಗ ಕಾವೇರಿ ವನ್ಯಜೀವಿಧಾಮದ ಪ್ರದೇಶಕ್ಕೆ ಸೇರಿವೆ. ಕರ್ನಾಟಕದಲ್ಲಿ ಡೇರೆ ವಾಸ, ಹರಿಗೋಲು ವಿಹಾರ ಮತ್ತು ಗಾಳದ ಆಟ ಒಂದೆಡೆ ಕೂಡಿ ಬೆಳೆದ ಚರಿತ್ರೆ ಬೇಕೆಂದರೆ ಈ ನದಿಭಾಗಕ್ಕೇ ಬರಬೇಕು.

ಹಿನ್ನೆಲೆ

ಹವ್ಯಾಸಕ್ಕಾಗಿ ಮೀನು ಹಿಡಿಯುವುದು ಆಂಗ್ಲರು ತಂದ ಪದ್ಧತಿ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ರಾಜನ ವಿನೋದಗಳ ಸಾಲಿನಲ್ಲಿ ಗಾಳವನ್ನೂ ಸೇರಿಸಿದ ಸೋಮೇಶ್ವರ ಮೀನುಗಳ ಬಗೆಗಳು, ಅವು ಎಲ್ಲಿರುತ್ತವೆ, ಯಾವುದಕ್ಕೆ ಯಾವ ಆಹಾರ ಹಿಡಿಸುತ್ತದೆ, ಗಾಳದ ಹುರಿ ಮತ್ತು ಕೋಲು ಹೇಗಿರಬೇಕು ಎಂಬುದನ್ನೆಲ್ಲ ವಿವರಿಸುತ್ತಾನೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಆಧುನಿಕ ವಿಜ್ಞಾನದ ಕಣ್ಣಿನಿಂದ ಪರಿಶೀಲಿಸಿ ಬರೆದ ಮೇಲೆ ಇದಕ್ಕೆ ವಿದ್ವಾಂಸರ ವಲಯದಲ್ಲಿ ಮನ್ನಣೆ ದೊರೆಯಿತು. ಕನ್ನಡ ನೆಲದಲ್ಲೇ ಹುಟ್ಟಿದ ಈ ಬರಹ ನಮ್ಮ ಶಾಲಾ ಪಠ್ಯಗಳಲ್ಲಿ ಇನ್ನೂ ಜಾಗ ಪಡೆಯಬೇಕಾಗಿದೆ.

ಹರಿಗೋಲಿನ ಕಥೆಯೂ ಹಳೆಯದೇ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ತುಂಗಭದ್ರೆಯನ್ನು ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬಿದಿರ ಸೀಳುಗಳ ಹೆಣಿಗೆ ಅಂದಿನಂತೆಯೇ ಇಂದೂ ಇದೆ. ಹೊದಿಕೆ ಮಾತ್ರ ಚರ್ಮದಿಂದ ಟಾರು ಬಳಿದ ಪ್ಲಾಸ್ಟಿಕ್ ಹಾಳೆಗೆ ಬದಲಾಗಿದೆ. ಮೂತಿಯೂ ಬಾಲವೂ ಇಲ್ಲದ ಈ ದೋಣಿ ಬಂಡೆಗೆ ತಗುಲಿದರೂ ಗಿರಕಿ ಹೊಡೆದು ಪಕ್ಕಕ್ಕೆ ಸರಿಯುತ್ತದೆ. ಆಳವಿಲ್ಲದ ನೀರಲ್ಲೂ ತೇಲುತ್ತದೆ, ಬೇಕೆಂದಾಗ ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು. ಬಂಡೆಗಳೇ ತುಂಬಿದ ಕಾವೇರಿಯ ಈ ಭಾಗಕ್ಕೆ ಇದಕ್ಕಿಂತ ತಕ್ಕ ದೋಣಿ ಇನ್ನೊಂದಿಲ್ಲ.

ಶಿಬಿರಗಳು ಬರುವ ಮೊದಲೂ ಈ ದಡದಲ್ಲಿ ಜನ ಬಂದು ತಂಗುತ್ತಿದ್ದರು. ಭೀಮೇಶ್ವರಿಯ ಪಕ್ಕದ ಮುತ್ತತ್ತಿಯಲ್ಲಿ ಆಂಜನೇಯನ ಗುಡಿಯಿದೆ. ಸೀತೆಯ ಮೂಗುತಿಯ ಮುತ್ತು ನದಿಗೆ ಬಿದ್ದಾಗ ಹನುಮಂತ ಬಾಲದಿಂದ ನೀರು ಕಡೆದು ಅದನ್ನು ತೆಗೆದುಕೊಟ್ಟನೆಂಬುದು ಸ್ಥಳಪುರಾಣ. ಮುತ್ತತ್ತಿರಾಯನ ಒಕ್ಕಲಿನವರು ಮಕ್ಕಳುಮರಿಗಳೊಂದಿಗೆ ಬಂದು, ಹೊಳೆಯ ದಡದಲ್ಲಿ ಒಲೆ ಹೂಡಿ, ಅಡುಗೆ ಮಾಡಿ ಉಂಡು ಹೋಗುವ ರೂಢಿ ಇಂದಿಗೂ ಇದೆ. ಕುಟುಂಬದ ಶಿಬಿರವಾಸಕ್ಕೆ ಈ ನದಿಯಲ್ಲಿ ದೊರೆಯುವ ಮೊದಲ ಮಾದರಿ ಇದೇ ಎನ್ನಬೇಕು.

ಆಂಗ್ಲರ ಕಾಲ

ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟಿಸಿದ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ತನ್ನ ನಾಡಿನ ಸಾಲ್ಮನ್‌ಗಿಂತ ಮಹಶೀರ್ ಹೆಚ್ಚು ಬಲವಾಗಿ ಸೆಣಸುತ್ತದೆ ಎಂದು ವಾದಿಸಿದ ಈ ಪುಸ್ತಕ ಹಲವು ಆವೃತ್ತಿಗಳನ್ನು ಕಂಡು, ಭಾರತದಲ್ಲಿದ್ದ ಬಿಳಿಯ ಅಧಿಕಾರಿಗಳನ್ನು ನದಿಗಳತ್ತ ಸೆಳೆಯಿತು. ಮೈಸೂರು ಸೀಮೆಯಲ್ಲಿ ಕಾವೇರಿ ಮತ್ತು ಕಬಿನಿ ಅವರ ಮೆಚ್ಚಿನ ನದಿಗಳಾದವು. ಮೈಸೂರಿನಲ್ಲಿ ನೆಲೆಸಿ, ಬೇಟೆಯ ಪ್ರಾಣಿಗಳ ಚರ್ಮ ತುಂಬಿಸುವ ಕಲೆಯಿಂದ ಜಗತ್ಪ್ರಸಿದ್ಧವಾಗಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರ ಮಾರ್ಚ್ 22ರಂದು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮಹಶೀರ್ ಹಿಡಿದ. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಅದೇ ದಾಖಲೆಯೆಂದು ಬಹುಕಾಲ ಹೆಸರಾಗಿದೆ.

ಅದೇ ಕಾಲದಲ್ಲಿ ನದಿಯ ಸ್ವರೂಪವೂ ಬದಲಾಗುತ್ತಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಮುಂದೆ ಕನ್ನಂಬಾಡಿ ಕಟ್ಟೆ ಎದ್ದಿತು. 1934ರಲ್ಲಿ ಕೆಳಗಡೆ ಮೆಟ್ಟೂರು ಅಣೆಕಟ್ಟು ಪೂರ್ಣವಾಯಿತು. ಮುಂಗಾರಿನ ಹೊಸ ನೀರಿಗೆ ಎದುರೇರಿ ಹೋಗಿ ಮೊಟ್ಟೆಯಿಡುವ ಮೀನಿಗೆ ಎರಡೂ ಕಡೆಯ ದಾರಿ ಮುಚ್ಚಿತು. ನಡುವೆ ಉಳಿದ ಈ ಕಾಡಿನ ಹರಿವು ಅದರ ದೊಡ್ಡ ಆಸರೆಯಾಯಿತು.

ಶಿಬಿರಗಳ ಉದಯ

ಸ್ವಾತಂತ್ರ್ಯಾನಂತರ ಕಾವೇರಿಯ ದೊಡ್ಡ ಮೀನು ಮುಗಿದೇಹೋಯಿತು ಎಂದು ಹೊರಗಿನವರು ಭಾವಿಸಿದ್ದರು. ಸಿಡಿಮದ್ದು ಎಸೆದು ಮೀನು ಹಿಡಿಯುವ ಹಾವಳಿ ಅಷ್ಟು ಬಲವಾಗಿತ್ತು. ಒಂದು ಮಡುವಿಗೆ ಒಂದು ಸಿಡಿಮದ್ದು ಬಿದ್ದರೆ ದೊಡ್ಡ ಮೀನಿನ ಜತೆಗೆ ಮರಿ, ಮೊಟ್ಟೆ, ಏಡಿ ಎಲ್ಲವೂ ಸಾಯುತ್ತವೆ. ಮಾರಾಟಕ್ಕೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ, ಸಂಕ್ಷೇಪವಾಗಿ ‘ವಾಸಿ’, ನದಿಯ ಒಂದು ಭಾಗವನ್ನು ಗುತ್ತಿಗೆ ಪಡೆದು ಕಾವಲಿಗೆ ನಿಂತಿತು. ಇದೇ ಬಗೆಯಲ್ಲಿ ಕೊಡಗಿನ ವಾಲ್ನೂರು ಬಳಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ನದಿಭಾಗವೊಂದನ್ನು ನೋಡಿಕೊಂಡಿತು.

1977-78ರಲ್ಲಿ ‘ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಯುವಕರು ಕಾವೇರಿಯಲ್ಲಿ ಭಾರಿ ಮಹಶೀರ್‌ಗಳನ್ನು ಹಿಡಿದು ತೋರಿಸಿದಾಗ ಈ ನದಿ ಮತ್ತೆ ಜಗತ್ತಿನ ಗಾಳದವರ ನಕ್ಷೆಗೆ ಬಂತು. ಪಾಲ್ ಬೂಟ್ ಮತ್ತು ಜೆರೆಮಿ ವೇಡ್ 1992ರಲ್ಲಿ ಹೊರತಂದ ‘ಸಮ್‌ವೇರ್ ಡೌನ್ ದ ಕ್ರೇಜಿ ರಿವರ್’ ಪುಸ್ತಕ ಅದರ ಹೆಸರನ್ನು ಇನ್ನಷ್ಟು ಹಬ್ಬಿಸಿತು. ಇತ್ತ 1980ರಲ್ಲಿ ಸ್ಥಾಪನೆಯಾಗಿದ್ದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಕಬಿನಿಯ ನಂತರ ಕಾವೇರಿಯತ್ತ ತಿರುಗಿ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು.

ಜಾಗ ಹೇಗೆ ಆಯ್ದರು ಎಂಬುದನ್ನು ಗಮನಿಸಬೇಕು. ಮೂರೂ ಕಡೆ ನದಿಯ ರಚನೆ ಹೆಚ್ಚುಕಡಿಮೆ ಒಂದೇ ತೆರ: ಬಂಡೆಗಳ ನಡುವೆ ನುಗ್ಗುವ ಬಿರುನೀರು, ಅದರ ಬುಡದಲ್ಲೇ ಆಳವಾದ ಮಡು, ಎದುರಿಗೆ ಡೇರೆ ಹಾಕಲು ಸಾಲುವಷ್ಟು ಸಮತಟ್ಟಾದ ದಡ, ಅದಕ್ಕೆ ನೆರಳಾಗಿ ಹೊಳೆಮತ್ತಿ ಮತ್ತು ಹುಣಸೆ. ಮಹಶೀರ್‌ಗೆ ಉಸಿರಾಡಲು ನೊರೆಯೆದ್ದು ಹರಿಯುವ ನೀರು ಬೇಕು, ಅಡಗಲು ಮಡು ಬೇಕು. ಈ ಎರಡೂ ಕೂಡಿದಲ್ಲಿ ಮೀನು ನಿಲ್ಲುತ್ತದೆ. ಅದು ನಿಂತಲ್ಲಿ ಶಿಬಿರ ನಿಂತಿತು. ಅದೇ ಹೊಳೆಮತ್ತಿಯ ಸಾಲು ಅಪರೂಪದ ಬೂದು ದೈತ್ಯ ಅಳಿಲಿಗೆ ಮನೆ. ಅದೇ ಮಡು ನೀರುನಾಯಿ ಮತ್ತು ಮೊಸಳೆಗಳಿಗೂ ಬೇಕು. ಮೀನಿಗೆಂದು ಆರಿಸಿದ ಜಾಗ ಹೀಗೆ ಇಡೀ ಕಾಡಿನ ಸತ್ವವಿರುವ ಜಾಗವೂ ಆಗಿತ್ತು.

ಗಾಳದ ರೀತಿ ಸಂಪೂರ್ಣ ಸ್ಥಳೀಯ. ಎರೆಗಳಲ್ಲಿ ರಾಗಿಯದೇ ಪಟ್ಟ. ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿವ ನೀರಿಗೆ ಬಿಟ್ಟು, ಮೇಲ್ಪದರ ರಬ್ಬರಿನಂತೆ ಬಿಗಿಯುವವರೆಗೆ ಬೇಯಿಸುತ್ತಿದ್ದರು. ಮೆತ್ತಗಿದ್ದರೆ ಚಿಲ್ಲರೆ ಮೀನುಗಳು ಕಿತ್ತು ಮುಗಿಸುತ್ತವೆ, ನೀರಿನ ರಭಸಕ್ಕೆ ಕರಗಿಯೂ ಹೋಗುತ್ತದೆ. ತಕ್ಕ ಹದಕ್ಕೆ ಬೆಂದ ಉಂಡೆ ಬಹಳ ಹೊತ್ತು ಕೊಕ್ಕೆಯಲ್ಲಿ ನಿಲ್ಲುತ್ತಿತ್ತು. ಏಡಿ ಮತ್ತು ಸಣ್ಣ ಮೀನೂ ಬಳಕೆಯಲ್ಲಿದ್ದವು. ಮೀನು ಕಚ್ಚಿ ಬಂಡೆಗಳ ಸಂದಿಗೆ ಓಡಿದಾಗ ಹುರಿ ಕಲ್ಲಿಗೆ ಸಿಕ್ಕಿ ಕತ್ತರಿಸುವ ಅಪಾಯವಿತ್ತು. ಆಗ ಹರಿಗೋಲಿನವನು ಗಾಳದವರನ್ನು ಕೂರಿಸಿಕೊಂಡು ಮೀನಿನ ಹಿಂದೆಯೇ ಬಿರುನೀರಿಗಿಳಿಯುತ್ತಿದ್ದ. ಆ ಹುಟ್ಟಿನ ಕೈಚಳಕವೇ ಎಷ್ಟೋ ಸಲ ಫಲಿತಾಂಶವನ್ನು ನಿರ್ಧರಿಸುತ್ತಿತ್ತು. ವಿದೇಶಿ ಬರಹಗಳಲ್ಲಿ ಗಾಳ ಹಿಡಿದವನ ಹೆಸರಷ್ಟೇ ದೊಡ್ಡದಾಗಿ ಕಾಣುತ್ತದೆ. ನದಿ ಓದಬಲ್ಲ ಆ ಹಳ್ಳಿಯ ಮಾರ್ಗದರ್ಶಕರಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ. ಅವರಲ್ಲಿ ಹಲವರು ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರೇ. ಸಂಬಳ ಬಂದ ಮೇಲೆ ಅವರೇ ಮಡುಗಳ ಕಾವಲುಗಾರರಾದರು.

ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ನದಿಗೆ ಬಿಡುವುದು ಶಿಬಿರಗಳ ಕಟ್ಟುನಿಟ್ಟಿನ ನಿಯಮವಾಗಿತ್ತು. ಈ ಬರೆದುಕೊಳ್ಳುವ ಅಭ್ಯಾಸದಿಂದ ಮುಂದೆ ದೊಡ್ಡ ಪ್ರಯೋಜನವಾಯಿತು. ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ 23,620 ಗಂಟೆಗಳ ಗಾಳದಲ್ಲಿ 6,161 ಮಹಶೀರ್ ಸಿಕ್ಕಿದ್ದ ಲೆಕ್ಕ ದೊರೆಯಿತು. ಅತಿ ದೊಡ್ಡದು 104 ಪೌಂಡ್ ತೂಗಿತ್ತು. ದಕ್ಷಿಣ ಭಾರತದ ನದಿಯೊಂದರ ಮೀನಿನ ಬಗ್ಗೆ ಇಷ್ಟು ದೀರ್ಘಕಾಲದ ಮಾಹಿತಿ ಸಿಗುವುದು ಬಹಳ ಅಪರೂಪ.

ಎರಡು ಮಹಶೀರ್‌ಗಳ ಕಥೆ

ಆ ಲೆಕ್ಕದಲ್ಲಿ ಕಹಿಸತ್ಯವೊಂದು ಅಡಗಿತ್ತು. ಕಾವೇರಿ ಕಣಿವೆಗೇ ವಿಶಿಷ್ಟವಾದ, ಬೆನ್ನಿನಲ್ಲಿ ಗೂನು ಎದ್ದ ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರ್ ಒಂದು. ನೀಲಿ ರೆಕ್ಕೆಯ ಮಹಶೀರ್ ಇನ್ನೊಂದು. ಎರಡನೆಯದು ಇಲ್ಲಿನ ಮೂಲನಿವಾಸಿಯಲ್ಲ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಸಂಸ್ಥೆ 1970ರ ದಶಕದಿಂದ ಮರಿ ಮಾಡಿಸುತ್ತಿದ್ದ ಮೀನು ಅದು. ನದಿಯನ್ನು ತುಂಬಿಸುವ ಸದುದ್ದೇಶದಿಂದ ಅದರ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಗಾಳಿಬೋರೆಯ ದಾಖಲೆಗಳಲ್ಲಿ ನೀಲಿ ರೆಕ್ಕೆಯದು ವರ್ಷದಿಂದ ವರ್ಷಕ್ಕೆ ಏರಿತು. ಗೂನುಬೆನ್ನಿನದು ವಿರಳವಾಗುತ್ತ ಬಂತು. ಸಿಕ್ಕ ಕೆಲವೂ ದೊಡ್ಡವೇ ಆಗಿದ್ದವು. ದೊಡ್ಡವು ಮಾತ್ರ ಸಿಗುತ್ತಿವೆ ಎಂದರೆ ಮರಿಗಳು ಬೆಳೆದು ಬರುತ್ತಿಲ್ಲ ಎಂದರ್ಥ. ಮೀನು ಹೆಚ್ಚಾಗಿದೆ ಎಂದು ಎಲ್ಲರೂ ಹಿಗ್ಗುತ್ತಿದ್ದ ವರ್ಷಗಳಲ್ಲೇ ನದಿಯ ನಿಜವಾದ ಒಡೆಯ ಕಣ್ಮರೆಯಾಗುತ್ತಿದ್ದ.

ಅದಕ್ಕೆ ಒಂದು ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತಿತರರು ಮೋಯಾರ್ ನದಿಯಲ್ಲಿ ಉಳಿದಿದ್ದ ಮೀನುಗಳನ್ನು ಪರೀಕ್ಷಿಸಿ, 2007ರಲ್ಲಿ ಕೇರಳದ ಪಾಂಬಾರ್ ನದಿಯಿಂದ ವರ್ಣಿಸಲಾಗಿದ್ದ ಟೋರ್ ರೆಮಾದೇವಿಯೇ ಇದು ಎಂದು 2018ರಲ್ಲಿ ಸ್ಥಾಪಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರಿಲ್ಲದ ಜೀವಿಗೆ ಕಾನೂನಿನ ರಕ್ಷಣೆ ಸಿಗುವುದು ಕಷ್ಟ. ಆದ್ದರಿಂದ ಈ ಗುರುತಿಸುವಿಕೆ ಬಹಳ ಮುಖ್ಯವಾದ ಹೆಜ್ಜೆ.

ಗಾಳದ ನಿಲುಗಡೆ, ಕುಟುಂಬಗಳ ಆಗಮನ

1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ ಮುಂದೆ ವಿಸ್ತರಣೆಗೊಂಡು 1,027.53 ಚದರ ಕಿ.ಮೀ. ಆಯಿತು. ಸಂರಕ್ಷಿತ ಪ್ರದೇಶದಲ್ಲಿ ಮೀನು ಹಿಡಿದು ಬಿಡುವುದೂ ಬೇಟೆಯೇ ಎಂಬ ವ್ಯಾಖ್ಯಾನ ಬಲಗೊಂಡು, ಈ ಶತಮಾನದ ಎರಡನೆಯ ದಶಕದ ಆರಂಭದಲ್ಲಿ ಶಿಬಿರಗಳ ಗಾಳ ನಿಂತಿತು. ಈ ನಿರ್ಧಾರದ ಬಗ್ಗೆ ಇಂದಿಗೂ ಎರಡು ಮಾತಿದೆ. ವನ್ಯಜೀವಿಧಾಮದಲ್ಲಿ ಯಾವ ಪ್ರಾಣಿಗೂ ಕೊಕ್ಕೆ ಹಾಕಬಾರದೆಂಬ ತತ್ತ್ವ ಸರಳ ಮತ್ತು ನ್ಯಾಯವಾದದ್ದು. ಆದರೆ ಗಾಳದವರ ಹಣದಿಂದ ದಡದ ಮೇಲೆ ಹಗಲಿರುಳು ಇದ್ದ ಕಾವಲುಗಾರರು ಮತ್ತು ಪ್ರತಿ ಮೀನಿನ ಲೆಕ್ಕ, ಎರಡೂ ಗಾಳದೊಂದಿಗೆ ಹೋದವು. ಗಾಳವನ್ನು ನಿಲ್ಲಿಸಿದ್ದು ತಪ್ಪಲ್ಲ. ಕಾವಲನ್ನೂ ಲೆಕ್ಕವನ್ನೂ ಬೇರೆ ದಾರಿಯಲ್ಲಿ ಮುಂದುವರಿಸದೆ ಬಿಟ್ಟದ್ದು ತಪ್ಪು.

ಶಿಬಿರಗಳು ಮುಚ್ಚಲಿಲ್ಲ. ಹರಿಗೋಲು, ಕಯಾಕ್, ಕಾಡುನಡಿಗೆ ಮತ್ತು ಪಕ್ಷಿವೀಕ್ಷಣೆ ಮುಂದೆ ಬಂದವು. ಒಂಟಿ ಗಾಳದವನ ಜಾಗದಲ್ಲಿ ಮಕ್ಕಳನ್ನು ಕರೆತರುವ ಕುಟುಂಬಗಳು ಕಾಣಿಸಿಕೊಂಡವು. ಬೆಂಗಳೂರಿಗೆ ಹತ್ತಿರವಿರುವ ಭೀಮೇಶ್ವರಿ ಸಾಹಸ ಕ್ರೀಡೆಗಳ ತಾಣವಾಯಿತು. ಗದ್ದಲ ಬೇಡವೆನ್ನುವವರಿಗೆ ಗಾಳಿಬೋರೆ ಹೆಚ್ಚು ಹಿಡಿಸುತ್ತದೆ. ಮೇಕೆದಾಟು ಜಲಾಶಯದ ಯೋಜನೆ ಜಾರಿಗೆ ಬಂದರೆ ವನ್ಯಜೀವಿಧಾಮದ ಒಂದು ಭಾಗ ಮುಳುಗುತ್ತದೆ ಎಂಬ ಆತಂಕ ಈ ಎಲ್ಲ ತಾಣಗಳ ಭವಿಷ್ಯಕ್ಕೂ ಸಂಬಂಧಿಸಿದೆ.

ಮಕ್ಕಳೊಂದಿಗೆ ಇಲ್ಲಿಗೆ ಹೋಗುವವರು ಕೆಲವು ವಿಷಯ ತಿಳಿದಿರಬೇಕು. ಮುಂಗಾರಿನ ತಿಂಗಳುಗಳಲ್ಲಿ ನದಿ ಅಪಾಯಕಾರಿ. ಗಾಳದವರು ಹಿಂದೆ ಬರುತ್ತಿದ್ದ ಚಳಿಗಾಲ ಮತ್ತು ಬೇಸಗೆಯ ಆರಂಭವೇ ಇಂದಿಗೂ ಒಳ್ಳೆಯ ಕಾಲ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಇಲ್ಲಿ ಮಳೆಯಿಲ್ಲದಿದ್ದರೂ ಮಟ್ಟ ಏರುತ್ತದೆ. ಮೊಸಳೆ ಮತ್ತು ಸುಳಿಗಳಿರುವ ಈ ನೀರಿಗೆ ಈಜಲು ಇಳಿಯಕೂಡದು. ಮುತ್ತತ್ತಿಯ ಸುತ್ತ ಪ್ರತಿ ವರ್ಷ ಜೀವ ಕಳೆದುಕೊಳ್ಳುವವರಲ್ಲಿ ಬಹಳ ಮಂದಿ ನೀರು ಶಾಂತವಾಗಿದೆ ಎಂದು ನಂಬಿ ಇಳಿದವರು. ಹರಿಗೋಲಿಗೆ ಹತ್ತುವಾಗ ಪ್ರತಿಯೊಬ್ಬರಿಗೂ ಜೀವರಕ್ಷಕ ಅಂಗಿ ಇರಲೇಬೇಕು. ಇಲ್ಲವಾದರೆ ದಡದಲ್ಲೇ ಉಳಿಯಿರಿ. ಗಾಳ ಮತ್ತು ಎರೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ, ದಡದಲ್ಲಿ ಒಂದು ಪ್ಲಾಸ್ಟಿಕ್ ಚೂರನ್ನೂ ಬಿಡಬೇಡಿ.