ಕಾರಂಜಿಯ ಕೆಸರಂಚಿನಲ್ಲಿ

ಮೂರೂ ಗೊರವ ಹಕ್ಕಿಗಳೇ. ಮೂರಕ್ಕೂ ಕಂದು ಬೆನ್ನು, ಬಿಳಿ ಹೊಟ್ಟೆ, ಕೆಸರು ಕೆದಕುವ ನೀಳ ಕೊಕ್ಕು. ಚಳಿಗಾಲದಲ್ಲಿ ಬೈನಾಕ್ಯುಲರ್ ಹಿಡಿದು ಕೆರೆ ದಂಡೆಗೆ ಬಂದ ಹೊಸಬರು ಇವುಗಳ ಮುಂದೆ ತಬ್ಬಿಬ್ಬಾಗುತ್ತಾರೆ. ಹಿಂದಿನವರಿಗೆ ಈ ಕಷ್ಟವಿರಲಿಲ್ಲ. ಅವರು ಗುಂಡು ಹಾರಿಸುತ್ತಿದ್ದರು.

ಕುಹಕವಲ್ಲ. 19ನೇ ಶತಮಾನದ ಪಕ್ಷಿಶಾಸ್ತ್ರ ನಡೆದದ್ದೇ ಹಾಗೆ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ, ರೆಕ್ಕೆ ಅಳೆದು ಹೆಸರು ಹೇಳುವುದು. ಪಕ್ಷಿಶಾಸ್ತ್ರಜ್ಞ ಜೆರ್ಡನ್ 1862ರಿಂದ 64ರವರೆಗೆ ಹೊರತಂದ ‘ಬರ್ಡ್ಸ್ ಆಫ್ ಇಂಡಿಯಾ’ ಆ ಕಾಲದ್ದು. ಜೌಗು ಹಕ್ಕಿಗಳ ಬೇಟೆ ದೊರೆಗಳ ಮೋಜೂ ಆಗಿತ್ತು. ಅಂಕುಡೊಂಕಾಗಿ ಹಾರುವ ಸ್ನೈಪ್ ಹಕ್ಕಿಯನ್ನು ಹೊಡೆದುರುಳಿಸುವ ಗುರಿಕಾರನಿಗೆ ‘ಸ್ನೈಪರ್’ ಎಂಬ ಹೆಸರು ಬಂದದ್ದು ಇಂಡಿಯಾದಲ್ಲಿದ್ದ ಬ್ರಿಟಿಷ್ ಸೈನಿಕರಿಂದ.

1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿಯವರದೂ ಬಂದೂಕಿನ ಕಾಲವೇ. ಆದರೆ ಅವರ ಮಾತಿಗೆ ಓಗೊಟ್ಟು 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮರುವರ್ಷ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಬಂತು. ಗುಬ್ಬಿಯಷ್ಟೋ, ಮೈನಾದಷ್ಟೋ ಎಂದು ಗಾತ್ರ ಹೇಳುವ ಪುಸ್ತಕ ಅದು. ಅಳತೆಪಟ್ಟಿ ಬೇಡ, ಕಣ್ಣು ಸಾಕು.

ಆ ಕಣ್ಣಿಂದ ಮೂರು ಗೊರವಗಳನ್ನು ನೋಡಿ. ಒಂದರ ಭುಜದ ಮುಂದೆ ಎದೆಯ ಬಿಳುಪು ಬೆಣೆಯಂತೆ ಮೇಲೇರಿದೆ. ನಿಂತಲ್ಲೇ ಹಿಂಭಾಗ ಕುಣಿಸುತ್ತದೆ, ರೆಕ್ಕೆ ಬಿಗಿಹಿಡಿದು ನೀರಿಗೆ ತಾಗುವಂತೆ ಹಾರುತ್ತದೆ. ಇನ್ನೊಂದಕ್ಕೆ ಚುಕ್ಕಿ ಬೆನ್ನು, ಕಣ್ಣಿನ ಹಿಂದಕ್ಕೂ ಚಾಚಿದ ಬೆಳ್ಳನೆಯ ಹುಬ್ಬು, ಹಳದಿ ಛಾಯೆಯ ಕಾಲು. ಮೂರನೆಯದನ್ನು ಹಾರಲು ಬಿಡಬೇಕು: ರೆಕ್ಕೆಯಡಿ ಕಪ್ಪು, ಬಾಲದ ಬುಡ ಅಚ್ಚ ಬಿಳಿ. ಸುಲಿದ ಚರ್ಮದಲ್ಲಿ ಬಣ್ಣ ಸಿಕ್ಕೀತು, ಈ ಕುಣಿತ ಸಿಗದು.

ಮೈಸೂರಿನ ನಜರ್‌ಬಾದಿನಲ್ಲಿ ಗೊರವ ನೋಡಲು ತಕ್ಕ ಜಾಗ ಕಾರಂಜಿ ಕೆರೆ. ಮೈಸೂರು ಅರಸರು ಕಟ್ಟಿಸಿದ ಕೆರೆಯ ವಿಸ್ತೀರ್ಣ 90 ಹೆಕ್ಟೇರ್, ನೀರು ಹರಡುವುದು ಸುಮಾರು 55ರಲ್ಲಿ. ಚರಂಡಿ ನೀರಿನಿಂದ ಕೆಟ್ಟಿದ್ದ ಕೆರೆ ಈಗ ಮೃಗಾಲಯದ ಸುಪರ್ದಿನಲ್ಲಿ ಚೇತರಿಸಿಕೊಂಡಿದೆ. ದಂಡೆಯಲ್ಲಿ 1995ರಿಂದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯವಿದೆ, ನೀರಲ್ಲಿ ದೋಣಿಗಳು. ನೋಡಲು ಬರುವವರ ಕಣ್ಣು ಮರದ ಮೇಲಿನ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಮೇಲೆ. ಗೊರವಕ್ಕೆ ಬೇಕಾದದ್ದು ಮರವಲ್ಲ, ನೀರಿಳಿದು ಬಯಲಾದ ಒಂದು ಮಾರು ಕೆಸರು. ಕೆರೆ ಕೋಡಿ ಮಟ್ಟಕ್ಕೆ ತುಂಬಿ ನಿಂತ ವರ್ಷ ಅದೂ ಮುಳುಗುತ್ತದೆ. ಆಗ ಗೊರವ ಹುಡುಕುವವರು ಊರಾಚೆಯ ಗದ್ದೆಬಯಲಿಗೆ ಗಾಡಿ ತಿರುಗಿಸಬೇಕು.