ಏಳು ಬೀಜಗಳ ಕಥೆ: ವಾದ ಬರೆಯುವುದನ್ನು ಕಲಿಯೋಣ



ಮಲ್ಲಂದೂರಿನ ಸುತ್ತಮುತ್ತ ಯಾವ ಶಾಲೆಯಲ್ಲಾದರೂ "ನಮ್ಮ ಗುಡ್ಡಗಳಿಗೆ ಕಾಫಿ ತಂದವರು ಯಾರು?" ಎಂದು ಕೇಳಿದರೆ ಮಕ್ಕಳು ಒಂದೇ ಸ್ವರದಲ್ಲಿ "ಬಾಬಾ ಬುಡನ್" ಎನ್ನುತ್ತಾರೆ. "ಅದು ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಬರೆಯುವುದಕ್ಕೇ ವಾದಾತ್ಮಕ ಬರವಣಿಗೆ ಎಂದು ಹೆಸರು. ಗೈಡ್ ಪುಸ್ತಕ ಬಾಯಿಪಾಠ ಮಾಡಿದರೆ ಇದು ಬರುವುದಿಲ್ಲ.

ಉರ್ದುವಿನಲ್ಲಿ ಇದಕ್ಕೆ ಎರಡು ಸುಂದರ ಪದಗಳಿವೆ: ದಾವಾ ಮತ್ತು ದಲೀಲ್. ದಾವಾ ಎಂದರೆ ನಾವು ಮುಂದಿಡುವ ಮಾತು. ದಲೀಲ್ ಎಂದರೆ ಅದಕ್ಕೆ ಕೊಡುವ ಆಧಾರ. ಕನ್ನಡದಲ್ಲಿ ನಾವು ದಿನವೂ ಕೇಳುವ 'ದಾವೆ' ಇದೇ ಪದ. ಕೋರ್ಟಿನಲ್ಲಿ ದಾವೆ ಹೂಡಿದವನು ಕಾಗದಪತ್ರ, ಸಾಕ್ಷಿ ತರಬೇಕು; ಎದುರಾಳಿಯ ಮಾತನ್ನೂ ಕೇಳಬೇಕು. ಪ್ರಬಂಧಕ್ಕೂ ಇದೇ ನಿಯಮ.

ಮೊದಲು ದಾವಾ

"ಕಾಫಿ ಒಳ್ಳೆಯ ಬೆಳೆ" ಎಂಬುದು ಬರೀ ಅಭಿಪ್ರಾಯ. ಇನ್ನೊಬ್ಬರು ಪರೀಕ್ಷಿಸಿ ಒಪ್ಪಬಹುದಾದ ಅಥವಾ ತಳ್ಳಿಹಾಕಬಹುದಾದ ಮಾತು ನಮಗೆ ಬೇಕು. ಉದಾಹರಣೆಗೆ: "ಇಂಗ್ಲಿಷರು ತೋಟ ಹಾಕುವ ಮೊದಲೇ ಕಾಫಿ ದಕ್ಷಿಣ ಭಾರತಕ್ಕೆ ಬಂದಿತ್ತು, ಚಂದ್ರದ್ರೋಣ ಬೆಟ್ಟಕ್ಕೆ ಅದನ್ನು ತಂದವರು ಬಾಬಾ ಬುಡನ್." ಇಲ್ಲಿ ಎರಡು ದಾವಾಗಳಿವೆ. ಒಂದು ಕಾಲದ ಬಗ್ಗೆ, ಇನ್ನೊಂದು ವ್ಯಕ್ತಿಯ ಬಗ್ಗೆ. ಎರಡಕ್ಕೂ ಬೇರೆ ಬೇರೆ ದಲೀಲ್ ಬೇಕು.

ನಂತರ ದಲೀಲ್

ಕಾಲದ ಮಾತನ್ನು ನೋಡಿ. ಚಿಕ್ಕಮಗಳೂರು ಸೀಮೆಯಲ್ಲಿ ಕ್ಯಾನನ್ ಎಂಬ ಯುರೋಪಿಯನ್ ಕಾಫಿ ತೋಟ ಆರಂಭಿಸಿದ್ದು ಸುಮಾರು 1830ರಲ್ಲಿ. ಆದರೆ ಡಚ್ಚರು 1696ರಲ್ಲಿಯೇ ಮಲಬಾರ್ ಕರಾವಳಿಯಿಂದ ಜಾವಾ ದ್ವೀಪಕ್ಕೆ ಕಾಫಿ ಸಸಿ ಸಾಗಿಸಿದ್ದರು. ಅವು ಹಾಳಾದವು, 1699ರಲ್ಲಿ ಮತ್ತೆ ಕಳುಹಿಸಲಾಯಿತು. ಆದ್ದರಿಂದ ಕ್ಯಾನನ್‌ಗಿಂತ 130 ವರ್ಷಗಳಿಗೂ ಹಿಂದೆಯೇ ಕಾಫಿ ಗಿಡ ದಕ್ಷಿಣ ಭಾರತದಲ್ಲಿತ್ತು. ಈ 'ಆದ್ದರಿಂದ' ಎಂಬ ಪದವನ್ನು ಗಮನಿಸಿ. ಇಸವಿ ಬರೆದರೆ ಮಾಹಿತಿಯಾಯಿತು, ಅದರಿಂದ ಏನು ತಿಳಿಯುತ್ತದೆ ಎಂದು ಬರೆದಾಗಲೇ ದಲೀಲ್ ಆಗುತ್ತದೆ.

ಇನ್ನು ವ್ಯಕ್ತಿಯ ಮಾತು. ಹಜ್ ಯಾತ್ರೆಯಿಂದ ಮರಳುವಾಗ ಬಾಬಾ ಬುಡನ್ ಅವರು ಯೆಮನ್ ದೇಶದ ಮೋಖಾದಿಂದ ಏಳು ಬೀಜ ತಂದು ಈ ಬೆಟ್ಟದಲ್ಲಿ ನೆಟ್ಟರೆಂದು ಪರಂಪರೆ ಹೇಳುತ್ತದೆ. ಬೆಟ್ಟಕ್ಕೆ ಅವರ ಹೆಸರಿದೆ. 19ನೇ ಶತಮಾನದಲ್ಲಿ ಬಿ.ಎಲ್. ರೈಸ್ ಅವರು ಬರೆದ ಮೈಸೂರು ಗೆಜೆಟಿಯರ್‌ನಲ್ಲೂ ಈ ಸಂಗತಿ ದಾಖಲಾಗಿದೆ. ಆದರೆ ಗೆಜೆಟಿಯರ್ ಬಂದದ್ದು ಘಟನೆಯ ಸುಮಾರು ಇನ್ನೂರು ವರ್ಷಗಳ ನಂತರ. ಈ ಕಥೆ ರೈಸ್ ಅವರ ಕಾಲಕ್ಕೇ ನಮ್ಮ ಜನರಲ್ಲಿ ಬೇರೂರಿತ್ತು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಕಣ್ಣಾರೆ ಕಂಡವರ ಸಾಕ್ಷಿ ಅದಲ್ಲ.

ಕೆಲವು ಆಧಾರಗಳು ನಿಜವಾಗಿದ್ದರೂ ನಮ್ಮ ಪ್ರಶ್ನೆಗೆ ಸೇರುವುದಿಲ್ಲ. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ನಮಗೆಲ್ಲ ಅದು ಹೆಮ್ಮೆಯ ವಿಷಯವೇ. ಆದರೆ ಆ ಮಾನ್ಯತೆ ಇಂದಿನ ಬೆಳೆ ಮತ್ತು ಅದರ ನೆಲದ ಬಗ್ಗೆ ಹೇಳುತ್ತದೆ, ಬೀಜ ತಂದವರ ಬಗ್ಗೆ ಹೇಳುವುದಿಲ್ಲ. ಅಂಥದ್ದನ್ನು ಬಿಟ್ಟುಬಿಡಿ.

ಎದುರಾಳಿಯ ಮಾತು

"ಅರಬ್ ವರ್ತಕರ ಹಡಗುಗಳು ಶತಮಾನಗಳಿಂದ ಮಲಬಾರಿಗೆ ಬರುತ್ತಿದ್ದವು. ಅವರೇ ಕಾಫಿ ತಂದಿರಬಹುದಲ್ಲವೇ?" ಎಂದು ಒಬ್ಬರು ಕೇಳುತ್ತಾರೆ. "ಕೆಲವು ಪುಸ್ತಕಗಳಲ್ಲಿ 1600 ಎಂದಿದೆ, ಕೆಲವದರಲ್ಲಿ 1670 ಎಂದಿದೆ. ಯಾವುದನ್ನು ನಂಬುವುದು?" ಎಂದು ಇನ್ನೊಬ್ಬರು. ಈ ಪ್ರಶ್ನೆಗಳನ್ನು ಮುಚ್ಚಿಡಬೇಡಿ, ನಿಮ್ಮ ಪ್ರಬಂಧದಲ್ಲೇ ಬರೆದು ಉತ್ತರಿಸಿ. ಕರಾವಳಿಗೆ ವರ್ತಕರು ತಂದಿದ್ದರೂ ಬೆಟ್ಟಕ್ಕೆ ಬಾಬಾ ಬುಡನ್ ತಂದಿರಲು ಅಡ್ಡಿಯಿಲ್ಲ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಇಸವಿಯಲ್ಲಿ ಭಿನ್ನತೆ ಇರುವುದರಿಂದ "17ನೇ ಶತಮಾನದಲ್ಲಿ" ಎಂದರೆ ಸಾಕು.

ತೀರ್ಮಾನ

ಈಗ ಹೀಗೆ ಮುಗಿಸಬಹುದು: "ಇಂಗ್ಲಿಷರಿಗಿಂತ ಮೊದಲೇ ಕಾಫಿ ಇಲ್ಲಿಗೆ ಬಂದಿತ್ತೆಂಬುದು ಖಚಿತ. ನಮ್ಮ ಬೆಟ್ಟಕ್ಕೆ ಅದನ್ನು ತಂದವರು ಬಾಬಾ ಬುಡನ್ ಎಂದು ಬಲವಾದ ಪರಂಪರೆ ಹೇಳುತ್ತದೆ." ಆಧಾರ ಎಷ್ಟಿದೆಯೋ ತೀರ್ಮಾನವೂ ಅಷ್ಟೇ ಇರಲಿ.

"ನಮ್ಮ ಬುಜುರ್ಗರ ವಿಷಯದಲ್ಲಿ ಇಷ್ಟು ಎಚ್ಚರಿಕೆ ಏಕೆ?" ಎಂದು ನೀವು ಕೇಳಬಹುದು. ಅವರ ಮೇಲೆ ಗೌರವ ಇರುವುದರಿಂದಲೇ. ಮುಸ್ಲಿಮರೂ ಹಿಂದೂಗಳೂ ನಡೆದುಕೊಳ್ಳುವ ಈ ಬೆಟ್ಟದ ಬಗ್ಗೆ ನೀವು ಒಂದು ಮಾತನ್ನು ಉತ್ಪ್ರೇಕ್ಷೆ ಮಾಡಿದರೆ, ಅದನ್ನು ಕಂಡುಹಿಡಿದವರು ನಿಮ್ಮ ನಿಜವಾದ ಹತ್ತು ಮಾತುಗಳನ್ನೂ ನಂಬುವುದಿಲ್ಲ. ನಾಳೆ ಊರಿಗೆ ಬಸ್ಸು ಬೇಕೆಂದು, ಶಾಲೆಗೆ ಶಿಕ್ಷಕರು ಬೇಕೆಂದು ಅರ್ಜಿ ಬರೆಯುವವರೂ ನೀವೇ. "ದಯವಿಟ್ಟು ಕೊಡಿ" ಎಂಬ ಅರ್ಜಿಗಿಂತ, ಎಷ್ಟು ಮಕ್ಕಳು, ಎಷ್ಟು ದೂರ, ಯಾವ ಹೊತ್ತಿಗೆ ಎಂದು ತಿಳಿಸುವ ಅರ್ಜಿಗೆ ಇಲ್ಲ ಎನ್ನುವುದು ಕಷ್ಟ.

ಈ ರಜೆಯಲ್ಲಿ ನಿಮ್ಮ ಊರಿನದೇ ಒಂದು ಪ್ರಶ್ನೆ ಆರಿಸಿಕೊಳ್ಳಿ. ಶಾಲೆ ಯಾವಾಗ ಆರಂಭವಾಯಿತು? ತೋಟಕ್ಕೆ ಆ ಹೆಸರು ಹೇಗೆ ಬಂತು? ಹಿರಿಯರನ್ನು ಕೇಳಿ, ಹಳೆಯ ಕಾಗದ ಹುಡುಕಿ, ಒಪ್ಪದವರ ಮಾತನ್ನೂ ಬರೆದುಕೊಳ್ಳಿ. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಒಂದು ಪುಟ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.